ಇಪ್ಪತ್ತೆರಡು ಸಾವಿರದ ಬ್ರೇಕು

ಬೈಕಿನ ಬ್ರೇಕ್ ಅಪ್‌ಗ್ರೇಡ್ ಮಾಡಿಸಬೇಕು ಅಂತ ಯಾರಾದರೂ ಬಂದರೆ ನಾನು ಕೇಳುವ ಪ್ರಶ್ನೆ ಒಂದೇ. ಈಗಿರುವ ಬ್ರೇಕನ್ನೇ ಗಟ್ಟಿಯಾಗಿ ಹಿಡಿದರೆ ಮುಂದಿನ ಟೈರು ಕಿರ್ರೆನ್ನುತ್ತದಾ? ಎಬಿಎಸ್ (ಚಕ್ರ ಪೂರ್ತಿ ಲಾಕ್ ಆಗದಂತೆ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುವ ವ್ಯವಸ್ಥೆ) ಇದ್ದರೆ, ಲಿವರ್ ಬೆರಳಿಗೆ ಟಕಟಕ ಒದೆಯುತ್ತದಾ? ಹೌದು ಅಂದರೆ ಅರ್ಧ ಮಾತು ಅಲ್ಲಿಗೇ ಮುಗಿಯಿತು. ಚಕ್ರವನ್ನು ಕಟ್ಟಿಹಾಕುವ ತಾಕತ್ತು ಆ ಬ್ರೇಕಿಗೆ ಆಗಲೇ ಇದೆ. ಇನ್ನು ಬೈಕನ್ನು ನಿಲ್ಲಿಸಬೇಕಾದ್ದು ಟೈರು ಮತ್ತು ರಸ್ತೆ. ಅವೆರಡರ ನಡುವೆ ಎಷ್ಟು ಹಿಡಿತ ಇದೆಯೋ ಅಷ್ಟೇ. ಅದಕ್ಕಿಂತ ಒಂದು ಗುಲಗಂಜಿಯಷ್ಟು ಹೆಚ್ಚಿನದನ್ನೂ ಯಾವ ಕ್ಯಾಲಿಪರ್ (ಡಿಸ್ಕನ್ನು ಎರಡೂ ಕಡೆಯಿಂದ ಹಿಂಡುವ ಭಾಗ) ಕೊಡಲಾರದು.

ಲೆಕ್ಕ ಹಾಕಿ ನೋಡಿ. ಒಣಗಿದ ಒಳ್ಳೇ ಡಾಂಬರು ರಸ್ತೆ, ಟೈರಿನ ಘರ್ಷಣೆಯ ಗುಣಾಂಕ 0.8 ಅಂತಿಟ್ಟುಕೊಳ್ಳೋಣ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಬೈಕಿಗೆ ಬ್ರೇಕ್ ಪೂರ್ತಿ ಹತ್ತಿದ ಮೇಲೆ ನಿಲ್ಲಲು ಸುಮಾರು 18 ಮೀಟರ್ ಬೇಕು. ಈ ಲೆಕ್ಕದಲ್ಲಿ ಬ್ರೇಕ್ ಮಾಡಿದ ಕಂಪನಿಯ ಹೆಸರೂ ಬರುವುದಿಲ್ಲ, ಬೈಕಿನ ತೂಕವೂ ಬರುವುದಿಲ್ಲ. ವೇಗ, ಹಿಡಿತ, ಗುರುತ್ವ, ಮೂರೇ. ಅಡ್ಡ ಬಂದ ಎಮ್ಮೆ ಕಣ್ಣಿಗೆ ಬಿದ್ದು ಬ್ರೇಕ್ ಹತ್ತುವುದಕ್ಕೆ ಒಂದು ಸೆಕೆಂಡ್ ಹಿಡಿದರೆ ಅಷ್ಟರಲ್ಲಿ ಇನ್ನೊಂದು 17 ಮೀಟರ್ ಹೋಗಿರುತ್ತದೆ. ಒಟ್ಟು 34-35 ಮೀಟರ್. ಅದೇ ಬೈಕು 70ರಲ್ಲಿ ಬಂದಿದ್ದರೆ? 60ರವನು ಪೂರ್ತಿ ನಿಂತ ಜಾಗದಲ್ಲಿ 70ರವನು ಇನ್ನೂ 43 ಕಿ.ಮೀ. ವೇಗದಲ್ಲಿರುತ್ತಾನೆ. ಎಮ್ಮೆ ಅಲ್ಲೇ ನಿಂತಿರುತ್ತದೆ. ಈ ಅಂತರವನ್ನು ಮುಚ್ಚುವ ಬ್ರೇಕ್ ಕಿಟ್ ಮಾರುಕಟ್ಟೆಯಲ್ಲಿ ಇಲ್ಲ.

ಹಾಗಾದರೆ ಜನ ದುಡ್ಡು ಕೊಟ್ಟು ಕೊಳ್ಳುವುದಾದರೂ ಏನು? ಸುಮ್ಮನೆ ಮೂರ್ಖರಾಗಿ ಯಾರೂ ಕೊಳ್ಳುವುದಿಲ್ಲ. ಸಿಗುವುದು ಎರಡು ಸಂಗತಿ. ಒಂದು, ಕೈಗೆ ಸಿಗುವ ಸುಖ: ಕಡಿಮೆ ಒತ್ತಿದರೆ ಸಾಕು, ಎಷ್ಟು ಒತ್ತಿದೆನೋ ಅಷ್ಟೇ ಹಿಡಿಯುತ್ತದೆ ಅನ್ನುವ ಭರವಸೆ. ಎರಡು, ಬಿಸಿ ತಡೆಯುವ ಶಕ್ತಿ. ಮೊದಲನೆಯದನ್ನು ಸುರಕ್ಷತೆ ಅಂತ ಹೇಳಿ ಮಾರುತ್ತಾರೆ, ಎರಡನೆಯದರ ಬಗ್ಗೆ ಮಾತೇ ಆಡುವುದಿಲ್ಲ. ನನ್ನ ಲೆಕ್ಕದಲ್ಲಿ ನಮ್ಮ ಕಡೆಯವರಿಗೆ ಹೆಚ್ಚು ಬೇಕಾದ್ದು ಎರಡನೆಯದೇ.

ನಮ್ಮ ಕಡೆ ಅಂದರೆ ತೀರ್ಥಹಳ್ಳಿ ಕಡೆ. ಉಡುಪಿಗೆ ಹೋಗಬೇಕಾದರೆ ಆಗುಂಬೆ ಘಾಟಿ ಇಳಿಯಲೇಬೇಕು. ಆಗುಂಬೆಯಿಂದ ಸೋಮೇಶ್ವರಕ್ಕೆ ಬರುವಷ್ಟರಲ್ಲಿ 14 ಕಡಿದಾದ ತಿರುವು, ಹೆಚ್ಚುಕಡಿಮೆ 500 ಮೀಟರ್ ಇಳಿಜಾರು. ಒಂದು 350 ಸಿಸಿ ಬೈಕು, ಗಂಡ ಹೆಂಡತಿ, ಒಂದು ಚೀಲ ಸೇರಿ 350 ಕೆ.ಜಿ. ಅಂದುಕೊಳ್ಳಿ. ಅಷ್ಟು ಭಾರ ಅಷ್ಟು ಕೆಳಗೆ ಇಳಿಯುವಾಗ ಕರಗಿಸಬೇಕಾದ ಶಕ್ತಿ ಸುಮಾರು 1,700 ಕಿಲೋಜೂಲ್. ಅದೇ ಬೈಕನ್ನು 60ರ ವೇಗದಿಂದ ಒಂದು ಸಲ ಪೂರ್ತಿ ನಿಲ್ಲಿಸಲು 49 ಕಿಲೋಜೂಲ್ ಸಾಕು. ಅಂದರೆ ಒಂದು ಘಾಟಿ ಇಳಿಯುವುದು 60ರಿಂದ 35 ಸಲ ನಿಂತಿದ್ದಕ್ಕೆ ಸಮ. ಎರಡನೇ ಗೇರಿಗೆ ಇಳಿಸಿ ಎಂಜಿನ್ ಮೇಲೆ ಭಾರ ಹಾಕಿದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ನೇ ನುಂಗುತ್ತದೆ. ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಪುಣ್ಯಾತ್ಮರು ಪೂರ್ತಿ ಬಿಸಿಯನ್ನು ಬ್ರೇಕಿಗೇ ಕೊಡುತ್ತಾರೆ.

ಬಿಸಿಯಾದಾಗ ಡ್ರಮ್ಮೂ ಡಿಸ್ಕೂ ಕೈಕೊಡುವ ರೀತಿ ಬೇರೆ ಬೇರೆ. ಡ್ರಮ್ ಅಂದರೆ ಚಕ್ರದ ನಡುವಿನ ಡಬ್ಬಿ, ಒಳಗಿನ ಶೂಗಳು ಅದರ ಗೋಡೆಗೆ ಒತ್ತಿ ಹಿಡಿಯುತ್ತವೆ. ಬಿಸಿಯಾದರೆ ಅದು ಹಿಗ್ಗುತ್ತದೆ. ಹಿಗ್ಗಿದರೆ ಶೂಗಳಿಂದ ದೂರ ಸರಿಯುತ್ತದೆ, ಲಿವರ್ ಉದ್ದಕ್ಕೆ ಎಳೆಯುತ್ತಾ ಹೋಗುತ್ತದೆ, ಶೂ ಮೇಲೆ ಅಂಟಿಸಿದ ಲೈನರಿನ ಹಿಡಿತವೂ ಇಳಿಯುತ್ತದೆ. ಸುಟ್ಟ ವಾಸನೆ ಮೊದಲೇ ಬಂದು ಎಚ್ಚರಿಸುತ್ತದೆ ಅನ್ನುವುದೊಂದೇ ಸಮಾಧಾನ. ಡಿಸ್ಕಿನಲ್ಲಿ ಸಮಸ್ಯೆ ಬರುವುದು ಲಿವರಿನ ಒತ್ತಡವನ್ನು ಕ್ಯಾಲಿಪರಿಗೆ ಒಯ್ಯುವ ಬ್ರೇಕ್ ಆಯಿಲಿನಿಂದ. ಈ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಹೀರಿದಷ್ಟೂ ಬೇಗ ಕುದಿಯುತ್ತದೆ. ಡಾಟ್ 4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಶೇಕಡಾ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದ್ದರೆ ಆವಿ. ದ್ರವವನ್ನು ಒತ್ತಿ ಕುಗ್ಗಿಸಲಾಗುವುದಿಲ್ಲ, ಆವಿಯನ್ನು ಕುಗ್ಗಿಸಬಹುದು. ಅಲ್ಲಿಯವರೆಗೂ ಸರಿಯಿದ್ದ ಲಿವರ್ ಮುಂದಿನ ತಿರುವಿನಲ್ಲಿ ಹ್ಯಾಂಡಲಿಗೆ ಬಂದು ತಾಗುತ್ತದೆ. ವರ್ಷಕ್ಕೆ 7,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಊರಿನ ಪಕ್ಕದಲ್ಲಿ ಇದ್ದುಕೊಂಡು, ಐದು ವರ್ಷ ಹಳೆಯ ಆಯಿಲ್ ಹಾಗೇ ಬಿಟ್ಟು, ಮೇಲೆ ಕೆಂಪು ಬಣ್ಣದ ಕ್ಯಾಲಿಪರ್ ಕವರ್ ಹಾಕಿಸಿಕೊಂಡವರು ನನಗೆ ಗೊತ್ತು.

ಇಷ್ಟೆಲ್ಲ ಯಾಕೆ ಬಂತು ಅಂದರೆ, ಅಕ್ಕನ ಮಗ ಒಂದು ಚೀಟಿ ಕಳಿಸಿದ್ದ. ಅವನ ಹತ್ತಿರ ಭಾವ ಓಡಿಸುತ್ತಿದ್ದ ಯಮಹಾ ಆರ್‌ಎಕ್ಸ್ 100 ಬೈಕು ಇದೆ, ಮುಂದೆ ಡ್ರಮ್ ಬ್ರೇಕಿನದು. ಅದಕ್ಕೆ ಮುಂದೆ ಡಿಸ್ಕ್ ಹಾಕಿಸಬೇಕಂತೆ. "ಮಾವ, ಸೇಫ್ಟಿಗೆ ಅಲ್ವಾ, ನೀವೇ ಅಮ್ಮನಿಗೆ ಒಂದು ಮಾತು ಹೇಳಿ" ಅಂತ ಪೀಠಿಕೆ. ಚೀಟಿಯಲ್ಲಿ ಇದ್ದದ್ದು: ಸೆಕೆಂಡ್ ಹ್ಯಾಂಡ್ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಎರಡು ಕಾಲು) ಸೆಟ್ 6,500. ಡಿಸ್ಕ್ ಹಬ್, ಸ್ಪೋಕ್, ರಿಮ್ ಕಟ್ಟಿಸುವುದು 4,000. ಡಿಸ್ಕ್ ಪ್ಲೇಟ್ 1,800. ಕ್ಯಾಲಿಪರ್, ಲಿವರ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ 4,500. ಹೋಸ್ 700. ಲೇಥ್ ಕೆಲಸ 2,000. ಮಜೂರಿ 2,500. ಒಟ್ಟು 22,000 ರೂಪಾಯಿ.

ನನ್ನ ಕಣ್ಣು ನೆಟ್ಟದ್ದು ಲೇಥ್ ಕೆಲಸದ ಮೇಲೆ. ಬೇರೆ ಬೈಕಿನ ಫೋರ್ಕ್ ಈ ಬೈಕಿನ ಕುತ್ತಿಗೆಗೆ ಕೂರಬೇಕಾದರೆ ಅದರ ಟೀ ದಂಡವನ್ನು ಬಿಚ್ಚಿ, ತಿರುಗಿಸಿ, ಬುಷ್ ಹಾಕಿ ಅಥವಾ ಬೆಸುಗೆ ಹಾಕಿ ಹೊಂದಿಸಬೇಕು. ಹ್ಯಾಂಡಲಿನಿಂದ ಮುಂದಿನ ಚಕ್ರದವರೆಗಿನ ಇಡೀ ಭಾರ ನಿಂತಿರುವುದು ಆ ದಂಡದ ಮೇಲೆ. ಗಟ್ಟಿ ಬ್ರೇಕ್ ಹಿಡಿದಾಗ ಬೈಕಿನ ಭಾರದ ಮುಕ್ಕಾಲು ಪಾಲಿಗೂ ಹೆಚ್ಚು ಮುಂದಕ್ಕೆ ಬರುತ್ತದೆ. ಆಗ ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿನ್ನುವುದೂ ಅದೇ. ಬ್ರೇಕ್ ಬಲ ಹೆಚ್ಚಿಸಿ, ಆ ಬಲ ಹೊರಬೇಕಾದ ಕೀಲನ್ನು ಓಣಿಯ ಲೇಥಿಗೆ ಒಪ್ಪಿಸುವುದು ಯಾವ ಸೇಫ್ಟಿಯೋ ನನಗೆ ತಿಳಿಯದು. ಲೇಥಿನವರ ಕೈಗುಣದ ಬಗ್ಗೆ ನನಗೆ ಗೌರವ ಇದೆ. ಆದರೆ ಆ ದಂಡದೊಳಗೆ ಬಿರುಕು ಇದೆಯೋ ಇಲ್ಲವೋ ಅಂತ ನೋಡುವ ಸಲಕರಣೆ ಅವರ ಹತ್ತಿರ ಇರುವುದಿಲ್ಲ.

ಇನ್ನು ಫೋರ್ಕಿನ ಉದ್ದ ಬದಲಾದರೆ ಬೈಕಿನ ಓಟವೂ ಬದಲಾಗುತ್ತದೆ. 103 ಕೆ.ಜಿ.ಯ ಬೈಕು ಅದು. ಹಗುರ ಹ್ಯಾಂಡಲೇ ಅದರ ಹೆಸರಿಗೆ ಕಾರಣ, ಎಂಜಿನ್ ಶಬ್ದವೊಂದೇ ಅಲ್ಲ. ಮುಂದಿನ ಟೈರು 2.50 ಇಂಚು ಅಗಲದ್ದು, 18 ಇಂಚಿನ ರಿಮ್ಮಿಗೆ, ಸೈಕಲ್ ಟೈರಿಗಿಂತ ಒಂದು ಕೈ ಮೇಲೆ. ಅಷ್ಟು ಸಣ್ಣ ಟೈರಿಗೆ, ಎಬಿಎಸ್ ಇಲ್ಲದೆ, ಎರಡು ಬೆರಳಿಗೆ ಲಾಕ್ ಆಗುವ ಡಿಸ್ಕ್ ಕೊಟ್ಟು, ಪಾಚಿ ಹಿಡಿದ ಮಲೆನಾಡಿನ ರಸ್ತೆಗೆ ಜುಲೈ ತಿಂಗಳಲ್ಲಿ ಬಿಟ್ಟರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹಿಂದಿನ ಚಕ್ರ ಜಾರಿದರೆ ಹಿಡಿದುಕೊಳ್ಳಬಹುದು. ಮುಂದಿನದು ಜಾರಿದರೆ ತಿಳಿಯುವಷ್ಟರಲ್ಲಿ ಮೊಣಕೈ ರಸ್ತೆಯಲ್ಲಿರುತ್ತದೆ.

ಒಂದು ಭಾನುವಾರ ಆ ಬೈಕನ್ನೇ ನಮ್ಮ ಮೆಕ್ಯಾನಿಕ್ ಹತ್ತಿರ ತಂದು ಮುಂದಿನ ಚಕ್ರ ಬಿಚ್ಚಿಸಿದೆವು. ಒಳಗೆ ಕಂಡದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ "ಡ್ರಮ್ ಬ್ರೇಕ್ ಹಿಡಿಯುವುದೇ ಇಲ್ಲ" ಅನ್ನುವ ಹತ್ತರಲ್ಲಿ ಎಂಟು ಬೈಕುಗಳ ಒಳಗೆ ಇದೇ ಇರುತ್ತದೆ. ಪ್ಲೇಟ್ ಎತ್ತಿದ ಕೂಡಲೇ ಕರಿ ಪುಡಿ. ಅದನ್ನು ಬಾಯಲ್ಲಿ ಊದಬೇಡಿ, ಏರ್ ಹೊಡೆಸಬೇಡಿ. ಹಳೇ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಸಾಡಿ. ಎರಡೂ ಶೂಗಳ ನಡುಭಾಗ ಹೊಳಪುಗಟ್ಟಿತ್ತು, ಎರಡು ತುದಿ ಮಾತ್ರ ಹೊಸದರ ಹಾಗೆ ಮಂಕಾಗಿ ಉಳಿದಿದ್ದವು. ಅಂದರೆ ಶೂ ಡ್ರಮ್ಮಿಗೆ ಪೂರ್ತಿ ಕೂರುತ್ತಲೇ ಇರಲಿಲ್ಲ, ಅರ್ಧ ಬ್ರೇಕಿನಲ್ಲಿ ಬೈಕು ಓಡುತ್ತಿತ್ತು. ಡ್ರಮ್ಮಿನ ಒಳಗೆ ಬೆರಳಾಡಿಸಿದರೆ ಅಂಚಿನಲ್ಲಿ ಮೆಟ್ಟಿಲು ಸಿಗುತ್ತಿತ್ತು.

ಅದಕ್ಕಿಂತ ಮಜಾ ಇದ್ದದ್ದು ಹೊರಗಿನ ಆರ್ಮಿನಲ್ಲಿ. ಕೇಬಲ್ ಎಳೆಯುವ ಈ ಕೈ, ಒಳಗೆ ಶೂಗಳನ್ನು ಅಗಲಿಸುವ ಕ್ಯಾಮಿನ ಹಲ್ಲುಗಳ ಮೇಲೆ ಕೂತಿರುತ್ತದೆ. ಬ್ರೇಕ್ ಪೂರ್ತಿ ಹಿಡಿದಾಗ ಕೇಬಲ್ಲಿಗೂ ಈ ಕೈಗೂ ನಡುವೆ ಹೆಚ್ಚುಕಡಿಮೆ 90 ಡಿಗ್ರಿ ಇದ್ದರೆ ಬಲ ಪೂರ್ತಿ ದಾಟುತ್ತದೆ. ಲೈನರ್ ಸವೆದಂತೆ ಕೈ ಮುಂದಕ್ಕೆ ಹೋಗಿ, ಕೋನ ದಾಟಿ, ಎಷ್ಟು ಎಳೆದರೂ ಅರ್ಧ ಬಲ ವ್ಯರ್ಥ. ಆಗ ಮಾಡಬೇಕಾದ್ದು ಶೂ ಬದಲಾಯಿಸುವುದು. ಆದರೆ ಹಿಂದೆ ಯಾರೋ ಪುಣ್ಯಾತ್ಮರು ಶೂ ಹಾಗೇ ಬಿಟ್ಟು ಕೈಯನ್ನು ಒಂದು ಹಲ್ಲು ಹಿಂದಕ್ಕೆ ಕೂರಿಸಿ ಕಳಿಸಿದ್ದರು. ಲಿವರ್ ಟೈಟಾಗಿದೆ, ಗಿರಾಕಿ ಖುಷಿ. ಒಳಗೆ ಕ್ಯಾಮು ಬಹುಪಾಲು ಮಗುಚಿಕೊಂಡಿದೆ.

ಹೊಸ ಶೂ, ಹೊಸ ಕೇಬಲ್, ಸ್ಪ್ರಿಂಗು, ಡ್ರಮ್ಮಿಗೆ ತೆಳುವಾಗಿ ಒಂದು ಲೇಥ್ ಕಟ್ಟು. ಇಲ್ಲಿ ಲೇಥ್ ಬೇಕೇ ಬೇಕು, ದುಂಡಗೆ ಮಾಡುವುದು ಅದರ ಕೆಲಸ. ಕ್ಯಾಮಿಗೆ ಬೆರಳ ತುದಿಯಷ್ಟು ಗ್ರೀಸ್, ಅದಕ್ಕಿಂತ ಹೆಚ್ಚಾದರೆ ಕರಗಿ ಲೈನರಿಗೆ ಬೀಳುತ್ತದೆ. ಚಕ್ರ ಹಾಕುವಾಗ ಮೆಕ್ಯಾನಿಕ್ ಮಾಡಿದ ಒಂದು ಕೆಲಸ ನೋಡಿ ಇಷ್ಟವಾಯಿತು: ಆಕ್ಸಲ್ ನಟ್ ಸಡಿಲ ಬಿಟ್ಟು, ಚಕ್ರ ತಿರುಗಿಸಿ, ನನ್ನ ಅಳಿಯನಿಂದ ಬ್ರೇಕ್ ಗಟ್ಟಿ ಹಿಡಿಸಿ, ಹಿಡಿದಿರುವಾಗಲೇ ನಟ್ ಬಿಗಿ ಮಾಡಿದರು. "ಪ್ಲೇಟ್ ತಾನಾಗೇ ಸೆಂಟರಿಗೆ ಕೂತ್ಕೊಳ್ಳುತ್ತೆ ಸಾರ್" ಅಂದರು. ಎಲ್ಲ ಸೇರಿ ಒಂದೂವರೆ ಸಾವಿರ ದಾಟಲಿಲ್ಲ. ಲೈನರ್ ಕೂರಲು ಕೆಲವು ದಿನ ಬೇಕಾಯಿತು. ಆಮೇಲೆ ಒಣ ರಸ್ತೆಯಲ್ಲಿ ನಾಲ್ಕೂ ಬೆರಳು ಹಾಕಿ ಹಿಡಿದರೆ ಮುಂದಿನ ಟೈರು ಕಿರುಗುಟ್ಟತೊಡಗಿತು. ಅಲ್ಲಿಗೆ ಆ ಟೈರಿಗೆ ಬೇಕಾದಷ್ಟು ಬ್ರೇಕ್ ಇದೆ ಅಂತಾಯಿತು.

ಡ್ರಮ್ಮಿನ ಪರವಾಗಿ ಪೂರ್ತಿ ವಕಾಲತ್ತು ವಹಿಸುತ್ತಿಲ್ಲ. ಹೊಳೆ ದಾಟಿ ಬಂದರೆ ಅದರೊಳಗೆ ನೀರು, ಮೆಲ್ಲಗೆ ಬ್ರೇಕ್ ಹಿಡಿದುಕೊಂಡೇ ಸ್ವಲ್ಪ ದೂರ ಓಡಿಸಿ ಒಣಗಿಸಬೇಕು. ಉದ್ದ ಇಳಿಜಾರಿನಲ್ಲಿ ಸೋಲುತ್ತದೆ. ಆರ್‌ಎಕ್ಸ್‌ನಂಥ ಟೂ ಸ್ಟ್ರೋಕಿನಲ್ಲಿ ಎಂಜಿನ್ ಬ್ರೇಕಿಂಗ್ ಹೇಳಿಕೊಳ್ಳುವಷ್ಟು ಇಲ್ಲ, ಮೇಲಾಗಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಉದ್ದಕ್ಕೆ ಇಳಿದರೆ ಎಂಜಿನ್ನಿಗೆ ಆಯಿಲ್ ಸಾಲದೆ ಹೋಗುತ್ತದೆ. ಆಗಾಗ ಸ್ವಲ್ಪ ಕೊಡುತ್ತಿರಬೇಕು. ಫರೀದಾಬಾದಿನಲ್ಲಿ ತಯಾರಾದ ರಾಜದೂತ್ 350ರ ಕಥೆ ಎಲ್ಲರಿಗೂ ಗೊತ್ತು. ಜಪಾನಿನ ಮೂಲ ಬೈಕಿಗೆ ಮುಂದೆ ಡಿಸ್ಕ್ ಇತ್ತು, ಇಲ್ಲಿ ಖರ್ಚು ಉಳಿಸಲು ಡ್ರಮ್ ಕೊಟ್ಟರು. ಆ ಓಟಕ್ಕೆ ಆ ಬ್ರೇಕು ಸಾಲದು ಅನ್ನುವ ದೂರು ನ್ಯಾಯವಾದದ್ದೇ. ಅಂಥ ಬೈಕಿಗೆ ಮೂಲ ಫೋರ್ಕಿನ ಸಮೇತ ಮೂಲ ಡಿಸ್ಕ್ ಹುಡುಕಿ ಹಾಕಿಸುವವರ ಬಗ್ಗೆ ನನ್ನ ತಕರಾರಿಲ್ಲ. 11 ಎಚ್‌ಪಿಯ ಆರ್‌ಎಕ್ಸ್ ಬೇರೆ ಮಾತು.

ಅಳಿಯನಿಗೆ ಇನ್ನೂ ಡಿಸ್ಕ್ ಆಸೆ ಹೋಗಿಲ್ಲ. ಚೆಂದ ಕಾಣುತ್ತೆ ಅಂತ ಹಾಕಿಸುತ್ತೇನೆ ಅನ್ನು, ಆಗ ಅಮ್ಮನ ಹತ್ತಿರ ನಾನೇ ಮಾತಾಡುತ್ತೇನೆ ಅಂದಿದ್ದೇನೆ. ಶೋಕಿ ತಪ್ಪಲ್ಲ, ಅದಕ್ಕೆ ಬೇರೆ ಹೆಸರು ಇಡುವುದು ಬೇಡ. ಜೊತೆಗೆ ಕಾನೂನಿನ ಗಂಟೂ ಇದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿಯೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅಕ್ರಮ ಮಾರ್ಪಾಡು ಒಂದೊಂದಕ್ಕೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಸೇರಿತು. ಪ್ಯಾಡು, ಹೋಸು ಬದಲಾಯಿಸಿದವರನ್ನು ಯಾರೂ ಹಿಡಿದದ್ದು ನಾನು ಕಂಡಿಲ್ಲ. ಇಡೀ ಫೋರ್ಕ್ ಬದಲಾಯಿಸಿದ ಬೈಕು ಅಪಘಾತಕ್ಕೆ ಸಿಕ್ಕು, ವಿಮೆಯವರ ಸರ್ವೇಯರ್ ಬಂದು ನಿಂತಾಗ ವಾದ ಮಾಡುವುದು ಕಷ್ಟ.

ಈಗ ಡಿಸ್ಕ್ ಇರುವ ಇವತ್ತಿನ ಬೈಕುಗಳಿಗೆ ಬರೋಣ. ಇಲ್ಲಿ ಲೆಕ್ಕ ಸುಲಭ. ಮೊದಲ ಖರ್ಚು ಆಯಿಲ್. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಸೀಲ್ ಒಡೆಯದ ಬಾಟಲಿಯೇ ಬೇಕು, ಗ್ಯಾರೇಜಿನ ಕಪಾಟಿನಲ್ಲಿ ಮುಚ್ಚಳ ಸಡಿಲವಾಗಿ ನಿಂತಿರುವ ಅರ್ಧ ಬಾಟಲಿ ಬೇಡ. ಕ್ಯಾಲಿಪರಿನ ಸ್ಲೈಡ್ ಪಿನ್ ಬಿಚ್ಚಿಸಿ, ತುಕ್ಕು ತೆಗೆಸಿ, ಗ್ರೀಸ್ ಹಾಕಿಸಿ. ಒಂದು ಕಡೆಯ ಪ್ಯಾಡ್ ಸವೆದು ಇನ್ನೊಂದು ಹಾಗೇ ಉಳಿದಿದ್ದರೆ ಪಿನ್ ಕಚ್ಚಿಕೊಂಡಿದೆ ಅಂತ ಅರ್ಥ. ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಕೊರೆದಿರುತ್ತಾರೆ, ಅದನ್ನು ಓದಿದ ಓನರನ್ನು ನಾನಿನ್ನೂ ಕಾಣಬೇಕು.

ಪ್ಯಾಡ್ ಬದಲಾಯಿಸುವುದು ಎರಡನೆಯದು, ದುಡ್ಡಿಗೆ ತಕ್ಕ ಬದಲಾವಣೆ ಗೊತ್ತಾಗುವುದೂ ಇಲ್ಲಿಯೇ. ಒಳ್ಳೇ ಪ್ಯಾಡುಗಳ ಬೆನ್ನ ತಗಡಿನ ಮೇಲೆ ಎರಡು ಅಕ್ಷರ ಇರುತ್ತದೆ. ಮೊದಲನೆಯದು ತಣ್ಣಗಿದ್ದಾಗಿನ ಘರ್ಷಣೆ, ಎರಡನೆಯದು ಬಿಸಿಯಾದಾಗಿನದು. ಜಿಜಿ ಅಂದರೆ 0.45ರಿಂದ 0.55, ಎಚ್‌ಎಚ್ ಅಂದರೆ ಅದಕ್ಕೂ ಮೇಲೆ. ಸಿಂಟರ್ಡ್ ಪ್ಯಾಡು, ಅಂದರೆ ಲೋಹದ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ್ದು, ಮಳೆಯಲ್ಲೂ ಬಿಸಿಯಲ್ಲೂ ಹಿಡಿತ ಬಿಡುವುದಿಲ್ಲ, ಡಿಸ್ಕನ್ನು ಸ್ವಲ್ಪ ಬೇಗ ತಿನ್ನಬಹುದು. ಘಾಟಿ ಇಳಿಯುವ ಜೋಡಿಗಳಿಗೆ ನಾನು ಧೈರ್ಯವಾಗಿ ಹಾಕಿಸಿ ಅನ್ನುವುದು ಇದೊಂದನ್ನೇ. ಸ್ಟೀಲ್ ಹೋಸ್ ಆಮೇಲೆ. ಹಳೇ ರಬ್ಬರ್ ಹೋಸ್ ಒತ್ತಡಕ್ಕೆ ಉಬ್ಬುತ್ತದೆ, ಸ್ಟೀಲ್ ಜಾಲರಿ ಇದ್ದರೆ ಉಬ್ಬುವುದಿಲ್ಲ, ಲಿವರ್ ಗಟ್ಟಿ ಅನಿಸುತ್ತದೆ. ಆದರೆ ಹತ್ತು ವರ್ಷದ ರಬ್ಬರನ್ನು ತೆಗೆದು ಹೊಸ ರಬ್ಬರ್ ಹಾಕಿದರೂ ಆ ಸುಖದಲ್ಲಿ ಬಹುಪಾಲು ಸಿಗುತ್ತದೆ.

ದೊಡ್ಡ ಡಿಸ್ಕು, ದೊಡ್ಡ ಕ್ಯಾಲಿಪರಿಗೆ ಹೋಗಬೇಡಿ. 280 ಮಿ.ಮೀ. ಡಿಸ್ಕನ್ನು 300 ಮಾಡಿದರೆ ಸಿಗುವುದು ಶೇಕಡಾ 7ರಷ್ಟು ಹೆಚ್ಚಿನ ಎಳೆತ, ಅಂದರೆ ಬೆರಳಿಗೆ ಶೇಕಡಾ 7 ಕಡಿಮೆ ಕೆಲಸ. ದೊಡ್ಡ ಪಿಸ್ಟನ್ನಿನ ಕ್ಯಾಲಿಪರಿಗೆ ಹಳೇ ಸಣ್ಣ ಮಾಸ್ಟರ್ ಸಿಲಿಂಡರೇ ಬಿಟ್ಟರೆ, ಹಂಡೆಗೆ ಚೊಂಬಿನಲ್ಲಿ ನೀರು ತುಂಬಿದ ಹಾಗೆ, ಲಿವರ್ ಒಳಕ್ಕೆ ಹೋಗುತ್ತಲೇ ಇರುತ್ತದೆ. ಸಿಲಿಂಡರ್ ತೀರಾ ದೊಡ್ಡದು ಹಾಕಿದರೆ ಲಿವರ್ ಮರದ ತುಂಡು. ಇವೆರಡರ ಅನುಪಾತ ಕೂರಿಸಲು ಕಂಪನಿಯ ಎಂಜಿನಿಯರುಗಳು ತಿಂಗಳುಗಟ್ಟಲೆ ಕೂತಿರುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡ ಕ್ಯಾಲಿಪರ್ ಅದನ್ನು ಅಂದಾಜಿನಲ್ಲಿ ಮೀರಿಸುವುದು ಅಪರೂಪ. ಇಟಲಿಯ ಹೆಸರಾಂತ ಬ್ರೇಕ್ ಕಂಪನಿ ಬ್ರೆಂಬೋದ ಅಚ್ಚು ಹಾಕಿದ ನಕಲಿ ಮಾಲು ಬೇರೆ ಓಡಾಡುತ್ತದೆ. ನಿಮ್ಮ ಬೈಕಿನಲ್ಲಿ ಬೈಬ್ರೆ ಅಂತ ಬರೆದಿದ್ದರೆ ಅದು ಅದೇ ಬ್ರೆಂಬೋದವರು ಸಣ್ಣ ಬೈಕುಗಳಿಗೆಂದೇ ಮಾಡುವುದು, ಕೀಳರಿಮೆ ಬೇಡ.

ಟೈರು. ಅಂಚಿನಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಮೇಲಿನ ಗೀರುಗಳು ಆಳವಾಗಿಯೇ ಇರಬಹುದು, ರಬ್ಬರ್ ಮಾತ್ರ ಕಲ್ಲಾಗಿರುತ್ತದೆ. ಬ್ರೇಕಿಗೆ ಇಟ್ಟ ದುಡ್ಡಿನಲ್ಲಿ ನಾಲ್ಕು ಸಾವಿರ ಇಲ್ಲಿಗೆ ತಿರುಗಿಸಿದರೆ ಮೊದಲು ಹೇಳಿದ ಆ 18 ಮೀಟರಿನ ಲೆಕ್ಕವೇ ಬದಲಾಗುತ್ತದೆ, ಬೇರೆ ಯಾವುದರಿಂದಲೂ ಬದಲಾಗದ್ದು.

ಎಬಿಎಸ್ ಹೊರಗಿನಿಂದ ಹಾಕಿಸಬಹುದಾ ಅಂತ ಕೇಳುವವರಿದ್ದಾರೆ. ಸೆನ್ಸರು, ಹಲ್ಲಿನ ರಿಂಗು, ಮಾಡ್ಯುಲೇಟರು, ಅದಕ್ಕೊಂದು ಕಂಪ್ಯೂಟರು, ಆ ಬೈಕಿಗೆಂದೇ ಹೊಂದಿಸಿದ ತಂತ್ರಾಂಶ, ಇಷ್ಟೂ ಬೇಕು. ಆಗದ ಮಾತು ಅಂದುಕೊಳ್ಳಿ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿದೆ, ಆದರೆ ಮುಂದಿನ ಚಕ್ರಕ್ಕೆ ಮಾತ್ರ ಇದ್ದರೂ ನಡೆಯುತ್ತದೆ. ಹಳೇ ಬೈಕಿಗೆ ಬ್ರೇಕ್ ಕಿಟ್ಟಿಗೆಂದು ಮೂವತ್ತು ನಲವತ್ತು ಸಾವಿರ ಕೂಡಿಟ್ಟವರಿಗೆ ನನ್ನ ಸಲಹೆ, ಅದನ್ನು ಎರಡೂ ಚಕ್ರಕ್ಕೆ ಎಬಿಎಸ್ ಇರುವ ಮುಂದಿನ ಬೈಕಿನ ಮುಂಗಡಕ್ಕೆ ಇಡಿ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ರೇಸ್ ಟ್ರ್ಯಾಕಿಗೆ ವರ್ಷವಿಡೀ ಓಡಾಡುವವರ ಮಾತು ಬೇರೆ. ಅಲ್ಲಿ ಸುತ್ತು ಸುತ್ತಿಗೂ ಬಿಸಿ ಏರುತ್ತದೆ, ಅವರಿಗೆ ಬೇಕು, ಅವರಿಗೆ ನನ್ನ ಸಲಹೆಯೂ ಬೇಡ.

ಇಷ್ಟೆಲ್ಲದರ ನಡುವೆ ಯಾರೂ ಬ್ರೇಕ್ ಅಪ್‌ಗ್ರೇಡ್ ಅಂತ ಕರೆಯದ ಒಂದು ಪಾರ್ಟು ಇದೆ: ಅಡ್ಜಸ್ಟ್ ಆಗುವ ಲಿವರ್. ನನ್ನ ಹೆಂಡತಿಯ ಬೆರಳು ಗಿಡ್ಡ. 350 ಸಿಸಿ ಬೈಕಿನ ಲಿವರಿಗೆ ಅವಳ ಬೆರಳ ತುದಿ ಮಾತ್ರ ತಲುಪುತ್ತಿತ್ತು. ಹಿಡಿತ ಸಿಗಲು ಅಂಗೈಯನ್ನೇ ಹ್ಯಾಂಡಲಿನಿಂದ ಎತ್ತಿ ಮುಂದಕ್ಕೆ ಒಯ್ಯಬೇಕಿತ್ತು. 60ರ ವೇಗದಲ್ಲಿ ಒಂದು ಸೆಕೆಂಡಿನ ಐದನೇ ಒಂದು ಭಾಗ ಅಂದರೆ ಮೂರು ಮೀಟರಿಗೂ ಹೆಚ್ಚು. ಎರಡು ಸಾವಿರದೊಳಗೆ ಲಿವರ್ ಬದಲಾಯಿಸಿ, ತಿರುಪು ತಿರುಗಿಸಿ ಹತ್ತಿರ ತಂದ ಮೇಲೆ ಎರಡು ಬೆರಳು ಸದಾ ಅದರ ಮೇಲೇ ಇರುತ್ತವೆ. ಶೋರೂಮಿನಲ್ಲಿ ಗಾಡಿ ಕೊಡುವ ದಿನ ಹಾರ ಹಾಕಿ, ಸ್ವೀಟ್ ಕೊಟ್ಟು, ದೊಡ್ಡ ಕೀಲಿಯ ರಟ್ಟು ಹಿಡಿಸಿ ಫೋಟೊ ತೆಗೆಯುತ್ತಾರೆ. ಲಿವರ್ ಕೈಗೆ ಎಟುಕುತ್ತಾ ಅಂತ ಮಾತ್ರ ಕೇಳುವುದಿಲ್ಲ.